ನೆಟ್‌ಲೋಗೋ ರಿವ್ಯೂ: ಇರುವೆ, ರೋಬೋ, ನೆಟ್‌ವರ್ಕ್ ಎಲ್ಲ ಒಂದೇ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ

ಎವಲ್ಯೂಷನರಿ ಕಂಪ್ಯೂಟೇಷನ್ (ಜೀವವಿಕಾಸದ ಥರ ಕಂಪ್ಯೂಟರ್‌ನಲ್ಲಿ ಪರಿಹಾರ ಬೆಳೆಸೋದು), ಕಾಂಪ್ಲೆಕ್ಸ್ ನೆಟ್‌ವರ್ಕ್ಸ್ (ಒಂದಕ್ಕೊಂದು ಹೆಣೆದ ದೊಡ್ಡ ಜಾಲಗಳ ಅಧ್ಯಯನ), ಎಂಬಾಡೀಡ್ ಕಾಗ್ನಿಷನ್ (ಬುದ್ಧಿಯಲ್ಲಿ ಮೈಯ ಪಾಲು ಏನು ಅನ್ನೋದು), ಈ ಮೂರರಲ್ಲಿ ಯಾವುದನ್ನಾದ್ರೂ ಓದ್ಬೇಕು ಎಲ್ಲಿಂದ ಶುರು ಮಾಡ್ಲಿ ಅಂತ ಯಾರಾದ್ರೂ ಕೇಳಿದ್ರೆ ನಾನು ಪುಸ್ತಕದ ಹೆಸರು ಹೇಳೋಕೆ ಹೋಗಲ್ಲ, ಮೊದಲು ನೆಟ್‌ಲೋಗೋ ಹಾಕ್ಕೊಳ್ಳಿ ಅಂತೀನಿ. ಪುಟ್ಟ ಪುಟ್ಟ ಪಾತ್ರಗಳಿಗೆ (ಏಜೆಂಟ್ ಅಂತಾರೆ) ಸರಳ ನಿಯಮ ಕೊಟ್ಟು, ಎಲ್ಲವನ್ನೂ ಒಟ್ಟಿಗೆ ಓಡಿಸಿ ಏನಾಗತ್ತೆ ಅಂತ ನೋಡೋ ಸಾಫ್ಟ್‌ವೇರ್ ಇದು. ದುಡ್ಡು ಕೊಡಬೇಕಾಗಿಲ್ಲ, ಓಪನ್ ಸೋರ್ಸ್, ವಿಂಡೋಸ್ ಮ್ಯಾಕ್ ಲಿನಕ್ಸ್ ಎಲ್ಲದರಲ್ಲೂ ಓಡತ್ತೆ, ಇನ್‌ಸ್ಟಾಲ್ ಮಾಡೋಕೆ ಬೇಜಾರಾದ್ರೆ ಬ್ರೌಸರ್‌ನಲ್ಲೇ ನಡೆಯೋ ವೆಬ್ ವರ್ಷನ್ ಕೂಡ ಇದೆ. ತುಂಬಾ ದಿನದಿಂದ ಬಳಸ್ತಾ ಇದೀನಿ, ಕನ್ನಡದಲ್ಲಿ ಇದರ ಬಗ್ಗೆ ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತಿದೀನಿ, ಪುರುಸೊತ್ತಿದ್ದಾಗ ಓದಿ.

ಮೊದಲು ಇದು ಏನು ಅಂತ. ಅಮೆರಿಕದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯ ಯೂರಿ ವಿಲೆನ್ಸ್‌ಕಿ 1999ರಲ್ಲಿ ಶುರು ಮಾಡಿದ್ದು. ಬೇರು ಇನ್ನೂ ಹಿಂದಕ್ಕೆ ಹೋಗತ್ತೆ, 1967ರಲ್ಲಿ ಸೀಮೋರ್ ಪ್ಯಾಪರ್ಟ್, ವಾಲಿ ಫೋರ್‌ಜೈಗ್, ಸಿಂಥಿಯಾ ಸಾಲೊಮನ್ ಸೇರಿ ಮಕ್ಕಳಿಗೋಸ್ಕರ ಮಾಡಿದ ಲೋಗೋ ಅನ್ನೋ ಪ್ರೋಗ್ರಾಮಿಂಗ್ ಭಾಷೆಗೆ. ನಮ್ಮಲ್ಲಿ ಕೆಲವರು ಸ್ಕೂಲ್ ಕಂಪ್ಯೂಟರ್ ಲ್ಯಾಬಲ್ಲಿ ಲೋಗೋ ಮಾಡಿರ್ತೀರ, ಒಂದು ಆಮೆ, ಫಾರ್ವರ್ಡ್ ಅಂದ್ರೆ ಮುಂದೆ ಹೋಗತ್ತೆ, ರೈಟ್ ಅಂದ್ರೆ ತಿರುಗತ್ತೆ, ಹೋದ ದಾರೀಲಿ ಗೆರೆ ಬೀಳತ್ತೆ. ಅಲ್ಲಿ ಒಂದೇ ಆಮೆ, ಇಲ್ಲಿ ಸಾವಿರಾರು ಆಮೆ, ಎಲ್ಲವೂ ಒಟ್ಟಿಗೆ ಓಡಾಡ್ತವೆ, ಒಂದನ್ನೊಂದು ನೋಡ್ತವೆ, ನೆಲದ ಮೇಲೆ ಗುರುತು ಬಿಡ್ತವೆ, ಒಂದಕ್ಕೊಂದು ದಾರ ಕಟ್ಕೊಳ್ತವೆ. ಓಡಾಡೋದಕ್ಕೆ ಟರ್ಟಲ್ ಅಂತಾರೆ, ನೆಲದ ಒಂದೊಂದು ಚೌಕಕ್ಕೆ ಪ್ಯಾಚ್, ಇಬ್ಬರ ನಡುವಿನ ಕೊಂಡಿಗೆ ಲಿಂಕ್, ಮೇಲಿಂದ ಎಲ್ಲ ನೋಡ್ತಾ ಹುಕುಂ ಕೊಡೋ ನಮಗೆ ಅಬ್ಸರ್ವರ್. ಇಷ್ಟು ಗೊತ್ತಾದ್ರೆ ಅರ್ಧ ಕಲಿತ ಹಾಗೆ.

ಹಾಕ್ಕೊಂಡ ತಕ್ಷಣ ಒಂದು ಕೆಲಸ ಮಾಡಿ ನೋಡಿ. ಖಾಲಿ ಮಾಡೆಲ್ ತೆಗೆದ್ರೆ ಕಪ್ಪು ಚೌಕ ಬರತ್ತೆ, ಅದು 33 ಬೈ 33, ಅಂದ್ರೆ 1089 ಪ್ಯಾಚ್. ಕೆಳಗಿನ ಕಮಾಂಡ್ ಸಾಲಿನಲ್ಲಿ ಒಂದು ಟರ್ಟಲ್ ಹುಟ್ಟಿಸಿ, ಪೆನ್ ಡೌನ್ ಮಾಡಿಸಿ, ಆಮೇಲೆ 'ಫಾರ್ವರ್ಡ್ 0.1, ರೈಟ್ 1' ಇದನ್ನ 360 ಸಲ ರಿಪೀಟ್ ಮಾಡು ಅನ್ನಿ. ನೀಟಾಗಿ ಒಂದು ವೃತ್ತ ಬೀಳತ್ತೆ. ಈಗ ಯೋಚನೆ ಮಾಡಿ, ಆ ಟರ್ಟಲ್‌ಗೆ ಕೇಂದ್ರ ಎಲ್ಲಿದೆ ಗೊತ್ತಿಲ್ಲ, ತ್ರಿಜ್ಯ ಎಷ್ಟು ಗೊತ್ತಿಲ್ಲ, ಪೈ ಗೊತ್ತಿಲ್ಲ, ಎಕ್ಸ್ ಸ್ಕ್ವೇರ್ ಪ್ಲಸ್ ವೈ ಸ್ಕ್ವೇರ್ ಅಂತೂ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರೋದು ತಾನು ಯಾವ ಕಡೆ ಮುಖ ಮಾಡಿದೀನಿ, ಒಂಚೂರು ಮುಂದೆ ಹೋಗ್ಬೇಕು, ಒಂಚೂರು ತಿರುಗ್ಬೇಕು ಅಷ್ಟೇ. ಪ್ಯಾಪರ್ಟ್ ವಾದ ಇದೇ ಆಗಿತ್ತು, ಮಗು ಎದ್ದು ನಿಂತು ತಾನೇ ಆಮೆ ಥರ ನಡೆದು ನೋಡ್ಲಿ, ವೃತ್ತ ಅಂದ್ರೆ ಏನು ಅಂತ ಮೈಗೆ ಗೊತ್ತಾಗತ್ತೆ, ಸೂತ್ರ ಆಮೇಲೆ ಬರ್ಲಿ ಅಂತ. ಎಂಬಾಡೀಡ್ ಕಾಗ್ನಿಷನ್ ಅಂತ ಯೂನಿವರ್ಸಿಟಿಗಳಲ್ಲಿ ದೊಡ್ಡದಾಗಿ ಮಾತಾಡ್ತಾರಲ್ಲ, ಬುದ್ಧಿ ಅನ್ನೋದು ತಲೆಯೊಳಗಿನ ಲೆಕ್ಕ ಮಾತ್ರ ಅಲ್ಲ, ಮೈ ಮತ್ತು ಸುತ್ತಲಿನ ಜಾಗ ಸೇರಿದ್ರೇನೇ ಬುದ್ಧಿ ಅಂತ, ಅದರ ಬೀಜ ಈ ಒಂದು ಸಾಲಿನ ಪ್ರೋಗ್ರಾಮಲ್ಲಿ ಇದೆ ಅನ್ನೋದು ನನ್ನ ಅಭಿಪ್ರಾಯ.

ಆಮೆ ಅಂತ ಯಾಕೆ ಅಂದ್ರೆ ಅದಕ್ಕೂ ಒಂದು ಕಥೆ ಇದೆ. 1948-49ರ ಹೊತ್ತಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಅನ್ನೋ ಮೆದುಳಿನ ಸಂಶೋಧಕ ಎರಡು ಪುಟ್ಟ ಯಂತ್ರ ಮಾಡಿದ್ದ, ಎಲ್ಮರ್ ಮತ್ತು ಎಲ್ಸಿ ಅಂತ ಹೆಸರು, ಮೇಲೆ ಚಿಪ್ಪಿನ ಥರ ಹೊದಿಕೆ ಇದ್ದಿದ್ದಕ್ಕೆ ಜನ ಆಮೆ ಅಂದ್ರು. ಒಳಗೆ ಎರಡೇ ವ್ಯಾಕ್ಯೂಮ್ ಟ್ಯೂಬ್, ಬೆಳಕು ನೋಡೋಕೆ ಒಂದು ಫೋಟೋಸೆಲ್, ಗುದ್ದಿದ್ರೆ ಗೊತ್ತಾಗೋಕೆ ಒಂದು ಸ್ವಿಚ್. ಅಷ್ಟರಲ್ಲೇ ಅವು ಬೆಳಕು ಹುಡುಕ್ಕೊಂಡು ಹೋಗ್ತಿದ್ವು, ತೀರಾ ಜಾಸ್ತಿ ಬೆಳಕಾದ್ರೆ ಹಿಂದೆ ಸರೀತಿದ್ವು, ಅಡ್ಡ ಏನಾದ್ರೂ ಸಿಕ್ಕಿದ್ರೆ ಸುತ್ತಿ ಬಳಸಿ ಹೋಗ್ತಿದ್ವು. ಪ್ಯಾಪರ್ಟ್ ಅವರ ಮೊದಲ ಆಮೆಗಳೂ ಸ್ಕ್ರೀನ್ ಮೇಲೆ ಇರಲಿಲ್ಲ, ನೆಲದ ಮೇಲೆ ಓಡಾಡೋ ನಿಜವಾದ ರೋಬೋ ಆಗಿದ್ವು. ನೆಟ್‌ಲೋಗೋದಲ್ಲಿ ಕಾಣೋ ಆ ತ್ರಿಕೋನದ ಬಾಣದ ವಂಶ ಅಲ್ಲಿಂದ ಬಂದಿದ್ದು.

ಇನ್ನು ಈ ಸಾಫ್ಟ್‌ವೇರ್‌ನ ನಿಜವಾದ ಆಸ್ತಿ ಅಂದ್ರೆ ಮಾಡೆಲ್ಸ್ ಲೈಬ್ರರಿ. ಫೈಲ್ ಮೆನುಗೆ ಹೋದ್ರೆ ಸಿಗತ್ತೆ, ನೂರಾರು ರೆಡಿ ಮಾಡೆಲ್ ಇದೆ, ಬಯಾಲಜಿ, ಕಂಪ್ಯೂಟರ್ ಸೈನ್ಸ್, ನೆಟ್‌ವರ್ಕ್ಸ್, ಸೋಶಿಯಲ್ ಸೈನ್ಸ್ ಅಂತ ಫೋಲ್ಡರ್ ಮಾಡಿ ಇಟ್ಟಿದಾರೆ. ಪ್ರತಿಯೊಂದಕ್ಕೂ ಮೂರು ಟ್ಯಾಬ್. ಮೊದಲನೇದ್ರಲ್ಲಿ ಬಟನ್ ಸ್ಲೈಡರ್ ಗ್ರಾಫ್, ಎರಡನೇದ್ರಲ್ಲಿ ಇನ್ಫೋ, ಅಂದ್ರೆ ಇದು ಏನು, ಹೇಗೆ ಕೆಲಸ ಮಾಡತ್ತೆ, ಏನನ್ನ ಗಮನಿಸ್ಬೇಕು, ಏನು ಬದಲಾಯಿಸಿ ನೋಡ್ಬೇಕು ಅಂತ ಮೇಷ್ಟ್ರು ಪಕ್ಕದಲ್ಲಿ ಕೂತು ಹೇಳಿದಷ್ಟು ಚೆನ್ನಾಗಿ ಬರೆದಿರ್ತಾರೆ, ಮೂರನೇದು ಕೋಡ್. ಆ ಕೋಡ್ ಮುಚ್ಚಿಟ್ಟಿಲ್ಲ ನೋಡಿ, ಅದೇ ನನಗೆ ತುಂಬಾ ಇಷ್ಟ, ಸ್ಕ್ರೀನ್ ಮೇಲೆ ಏನೋ ಅದ್ಭುತ ನಡೀತು ಅಂದ್ರೆ ತಕ್ಷಣ ಟ್ಯಾಬ್ ಬದಲಾಯಿಸಿ ಇದು ಯಾಕೆ ಹೀಗಾಯ್ತು ಅಂತ ಓದಬಹುದು, ತುಂಬಾ ಮಾಡೆಲ್‌ಗಳು ಒಂದೆರಡು ಪುಟದಲ್ಲೇ ಮುಗಿದು ಹೋಗ್ತವೆ.

ಇರುವೆ ಮಾಡೆಲ್ ಹತ್ತಿರದಿಂದ ನೋಡೋಣ. ನಡುವೆ ಗೂಡು, ಸುತ್ತ ಮೂರು ಕಡೆ ಆಹಾರದ ರಾಶಿ, ಒಂದು ಹತ್ತಿರ ಒಂದು ದೂರ ಇನ್ನೊಂದು ಇನ್ನೂ ದೂರ. ಇರುವೆಗಳು ಸುಮ್ಮನೆ ಅಲೀತಾ ಇರ್ತವೆ, ಆಹಾರ ಸಿಕ್ಕಿದ್ದು ಗೂಡಿಗೆ ವಾಪಸ್ ಬರೋವಾಗ ನೆಲದ ಮೇಲೆ ಕೆಮಿಕಲ್ ಬಿಡ್ತಾ ಬರತ್ತೆ, ಬೇರೆ ಇರುವೆ ಆ ವಾಸನೆ ಸಿಕ್ಕಿದ್ರೆ ಅದು ಜಾಸ್ತಿ ಇರೋ ಕಡೆಗೆ ತಿರುಗತ್ತೆ. ಯಾವ ಇರುವೆಗೂ ಮ್ಯಾಪ್ ಇಲ್ಲ, ಲೀಡರ್ ಇಲ್ಲ. ಸ್ವಲ್ಪ ಹೊತ್ತಿಗೆ ಹಸಿರು ಬಿಳಿ ಬಣ್ಣದ ದಾರಿ ತಾನಾಗಿ ಮೂಡತ್ತೆ, ಸಾಮಾನ್ಯವಾಗಿ ಹತ್ತಿರದ ರಾಶಿ ಮೊದಲು ಖಾಲಿ ಆಗತ್ತೆ. ಈಗ ಎವಾಪರೇಷನ್ ಸ್ಲೈಡರ್ ಸೊನ್ನೆಗೆ ಎಳೀರಿ. ವಾಸನೆ ಆರೋದೇ ಇಲ್ಲ, ಖಾಲಿಯಾದ ರಾಶಿಯ ದಾರಿ ಹಾಗೇ ಉಳಿಯತ್ತೆ, ಇರುವೆಗಳು ಹಳೇ ದಾರೀಲೇ ಸುತ್ತಾಡ್ತವೆ. ಮರೆಯೋದು ಎಷ್ಟು ಮುಖ್ಯ ಅಂತ ಆ ಒಂದು ಸ್ಲೈಡರ್ ತೋರಿಸತ್ತೆ. ಹೀಗೆ ನೆಲದ ಮೇಲೆ ಬಿಟ್ಟ ಗುರುತಿನ ಮೂಲಕವೇ ಕೆಲಸ ಹೊಂದಿಸ್ಕೊಳ್ಳೋದಕ್ಕೆ ಫ್ರಾನ್ಸಿನ ಪಿಯೆರ್ ಪಾಲ್ ಗ್ರಾಸೆ 1959ರಲ್ಲಿ ಗೆದ್ದಲು ನೋಡಿ ಸ್ಟಿಗ್‌ಮರ್ಜಿ ಅಂತ ಹೆಸರಿಟ್ಟ, ಮುಂದೆ ಮಾರ್ಕೊ ಡೊರಿಗೊ 1992ರ ತನ್ನ ಪಿಎಚ್‌ಡಿಯಲ್ಲಿ ಇದನ್ನೇ ದಾರಿ ಹುಡುಕೋ ಅಲ್ಗಾರಿದಮ್ ಮಾಡಿದ. ನೆನಪು ಇರುವೆಯ ತಲೇಲಿಲ್ಲ, ನೆಲದಲ್ಲಿದೆ. ಈ ಮಾತು ನೆನಪಲ್ಲಿ ಇಟ್ಕೊಂಡಿರಿ, ಮುಂದೆ ಬರೋ ರಾಬಿ ಅನ್ನೋ ರೋಬೋ ಹತ್ರ ಮತ್ತೆ ಬೇಕಾಗತ್ತೆ.

ನಮ್ಮ ಬೆಂಗಳೂರಿಗೂ ಈ ಕಥೇಲಿ ಒಂದು ಪಾಲಿದೆ ಅಂತ ತುಂಬಾ ಜನಕ್ಕೆ ಗೊತ್ತಿಲ್ಲ. 2005ರಲ್ಲಿ ಐಐಎಸ್‌ಸಿಯ ಏರೋಸ್ಪೇಸ್ ವಿಭಾಗದಲ್ಲಿ ಕೃಷ್ಣಾನಂದ್ ಮತ್ತು ದೇಬಾಶಿಶ್ ಘೋಸ್ ಗ್ಲೋವರ್ಮ್ ಸ್ವಾರ್ಮ್ ಆಪ್ಟಿಮೈಸೇಷನ್ ಅಂತ, ಒಳ್ಳೇ ಉತ್ತರ ಹುಡುಕೋ ಒಂದು ವಿಧಾನ ತಂದ್ರು. ಮಿಂಚುಹುಳದ ಹಾಗೆ ಪ್ರತಿ ಏಜೆಂಟೂ ತಾನು ನಿಂತ ಜಾಗ ಎಷ್ಟು ಒಳ್ಳೇದು ಅನ್ನೋದಕ್ಕೆ ತಕ್ಕಂತೆ ಬೆಳಗತ್ತೆ, ತನಗಿಂತ ಜಾಸ್ತಿ ಬೆಳಗ್ತಿರೋ ಪಕ್ಕದವರ ಕಡೆ ಸರಿಯತ್ತೆ, ಎಷ್ಟು ದೂರದ ತನಕ ನೋಡ್ಬೇಕು ಅನ್ನೋದನ್ನ ಅಕ್ಕಪಕ್ಕ ಎಷ್ಟು ಜನ ಇದಾರೆ ನೋಡ್ಕೊಂಡು ತಾನೇ ಹೆಚ್ಚು ಕಮ್ಮಿ ಮಾಡ್ಕೊಳ್ಳತ್ತೆ. ಇದರಿಂದ ಎಲ್ಲರೂ ಒಂದೇ ಶಿಖರಕ್ಕೆ (ಅಂದ್ರೆ ಒಂದೇ ಒಳ್ಳೇ ಜಾಗಕ್ಕೆ) ಮುಗಿಬೀಳದೆ ಬೇರೆ ಬೇರೆ ಗುಂಪಾಗಿ ಹಲವು ಶಿಖರ ಒಟ್ಟಿಗೆ ಸಿಗ್ತವೆ. ನೆಟ್‌ಲೋಗೋ ಸ್ವಲ್ಪ ಕೈಗೆ ಹತ್ತಿದ ಮೇಲೆ ಇದನ್ನ ನೀವೇ ಬರೆದು ನೋಡಿ, ಪ್ಯಾಚ್‌ಗಳಿಗೆ ಎತ್ತರ ಕೊಟ್ಟು ಟರ್ಟಲ್‌ಗಳಿಗೆ ಬೆಳಕು ಕೊಟ್ರೆ ಆಯ್ತು, ವಿದ್ಯಾರ್ಥಿಗಳಿಗೆ ಒಳ್ಳೇ ಪ್ರಾಜೆಕ್ಟ್.

ಈಗ ರಾಬಿ. ಲೈಬ್ರರಿಯ ಕಂಪ್ಯೂಟರ್ ಸೈನ್ಸ್ ಫೋಲ್ಡರ್‌ನಲ್ಲಿ 'ರಾಬಿ ದ ರೋಬಾಟ್' ಅಂತ ಇದೆ, ನನ್ನನ್ನ ಕೇಳಿದ್ರೆ ಇಡೀ ಲೈಬ್ರರೀಲಿ ಇದೊಂದಕ್ಕೋಸ್ಕರವೇ ಸಾಫ್ಟ್‌ವೇರ್ ಹಾಕ್ಕೊಳ್ಳಬಹುದು. ಇದರ ಮೂಲ ಅಮೆರಿಕದ ಸಾಂತಾ ಫೆ ಇನ್‌ಸ್ಟಿಟ್ಯೂಟ್‌ನ ಮೆಲನಿ ಮಿಚೆಲ್ ಅವರು 2009ರ ತಮ್ಮ ಪುಸ್ತಕದಲ್ಲಿ ಕೊಟ್ಟ ಉದಾಹರಣೆ. 10 ಬೈ 10 ಚೌಕದ ಅಂಗಳ, ಅರ್ಧದಷ್ಟು ಚೌಕಗಳಲ್ಲಿ ಖಾಲಿ ಸೋಡಾ ಕ್ಯಾನ್ ಬಿದ್ದಿದೆ, ರಾಬಿ ಅನ್ನೋ ರೋಬೋ ಅದನ್ನ ಎತ್ತಬೇಕು. ರಾಬಿಗೆ ಕಾಣೋದು ಐದೇ ಚೌಕ, ತಾನು ನಿಂತಿದ್ದು, ಮತ್ತೆ ಉತ್ತರ ದಕ್ಷಿಣ ಪೂರ್ವ ಪಶ್ಚಿಮ. ಪ್ರತಿ ಚೌಕ ಮೂರು ಥರ ಇರಬಹುದು, ಖಾಲಿ, ಕ್ಯಾನ್, ಇಲ್ಲ ಗೋಡೆ. ಹಾಗಾಗಿ ಒಟ್ಟು ಸನ್ನಿವೇಶ 3ರ ಘಾತ 5, ಅಂದ್ರೆ 243. ಪ್ರತಿ ಸನ್ನಿವೇಶಕ್ಕೂ ಏಳರಲ್ಲಿ ಒಂದು ಕೆಲಸ, ನಾಲ್ಕು ದಿಕ್ಕಿಗೆ ಚಲಿಸೋದು, ಸುಮ್ಮನಿರೋದು, ಎತ್ತೋದು, ಇಲ್ಲ ಯಾವುದೋ ಒಂದು ದಿಕ್ಕಿಗೆ ಹೋಗೋದು. ಕ್ಯಾನ್ ಎತ್ತಿದ್ರೆ 10 ಪಾಯಿಂಟ್, ಇಲ್ಲದ ಕಡೆ ಎತ್ತೋಕೆ ಹೋದ್ರೆ 1 ಕಟ್, ಗೋಡೆಗೆ ಗುದ್ದಿದ್ರೆ 5 ಕಟ್. 200 ಹೆಜ್ಜೆ ಟೈಮ್. ತುಂಬಾ ಮುಖ್ಯವಾದ್ದು ಏನಂದ್ರೆ ರಾಬಿಗೆ ನೆನಪೇ ಇಲ್ಲ, ಹಿಂದಿನ ಹೆಜ್ಜೇಲಿ ಏನು ನೋಡಿದೆ ಅಂತ ಅದಕ್ಕೆ ಗೊತ್ತಿರಲ್ಲ.

ರಾಬಿಯ ಬುದ್ಧಿ ಅಂದ್ರೆ 243 ಅಕ್ಷರದ ಒಂದು ಸಾಲು ಅಷ್ಟೇ, ಪ್ರತಿ ಸನ್ನಿವೇಶಕ್ಕೆ ಒಂದು ಅಕ್ಷರ. ಜೆನೆಟಿಕ್ ಅಲ್ಗಾರಿದಮ್ ಏನ್ ಮಾಡತ್ತೆ ಅಂದ್ರೆ ಸುಮ್ಮನೆ ಬಾಯಿಗೆ ಬಂದ ಹಾಗೆ ಅಕ್ಷರ ಜೋಡಿಸಿದ ನೂರಾರು ಸಾಲು ಹುಟ್ಟಿಸತ್ತೆ, ಎಲ್ಲವನ್ನೂ ಬೇರೆ ಬೇರೆ ಅಂಗಳದಲ್ಲಿ ಓಡಿಸಿ ಸ್ಕೋರ್ ನೋಡತ್ತೆ, ಚೆನ್ನಾಗಿ ಮಾಡಿದ ಎರಡನ್ನ ಆರಿಸಿ ಎಲ್ಲೋ ಒಂದು ಕಡೆ ಕತ್ತರಿಸಿ ಇದರ ಮುಂಭಾಗಕ್ಕೆ ಅದರ ಹಿಂಭಾಗ ಜೋಡಿಸತ್ತೆ, ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಯಿಸತ್ತೆ, ಹೀಗೆ ಹೊಸ ತಲೆಮಾರು. ಶುರೂನಲ್ಲಿ ಬಹುತೇಕ ಎಲ್ಲರದ್ದೂ ಮೈನಸ್ ಸ್ಕೋರೇ, ಕೆಲವು ರಾಬಿ ಗೋಡೆಗೆ ಗುದ್ದುತ್ತಾನೇ ಇರ್ತವೆ, ಕೆಲವು ಒಂದೇ ಕಡೆ ನಿಂತು ಇಲ್ಲದ ಕ್ಯಾನ್ ಎತ್ತುತ್ತಾ ಇರ್ತವೆ. ಸೆಟಪ್ ಒತ್ತಿ ಗೋ ಒತ್ತಿ ಬಿಟ್ರೆ ಗ್ರಾಫ್ ನಿಧಾನಕ್ಕೆ ಮೇಲಕ್ಕೇರೋದು ಕಾಣತ್ತೆ, ಮಧ್ಯದಲ್ಲಿ ಎಲ್ಲಿ ಬೇಕಾದ್ರೂ ನಿಲ್ಲಿಸಿ ಆ ಹೊತ್ತಿನ ಬೆಸ್ಟ್ ರಾಬಿಯನ್ನ ಕಣ್ಣೆದುರು ಒಂದೊಂದೇ ಹೆಜ್ಜೆ ನಡೆಸಿ ನೋಡಬಹುದು. ಈ ಸೌಲಭ್ಯ ಇದೆಯಲ್ಲ, ಇದಕ್ಕೆ ಬೆಲೆ ಕಟ್ಟೋಕಾಗಲ್ಲ, ಯಾಕಂದ್ರೆ ಜೆನೆಟಿಕ್ ಅಲ್ಗಾರಿದಮ್ ಪಾಠ ಅಂದ್ರೆ ಎಲ್ಲ ಕಡೆ ಒಂದು ಫ್ಲೋಚಾರ್ಟ್ ಬರೆದು ಬಿಡ್ತಾರೆ, ಹುಟ್ಟಿ ಬಂದ ಪರಿಹಾರ ಹೇಗೆ ನಡ್ಕೊಳ್ಳತ್ತೆ ಅಂತ ಯಾರೂ ತೋರಿಸಲ್ಲ.

ಮಿಚೆಲ್ ತಾವೇ ಕೈಯಾರೆ ಒಂದು ತಂತ್ರ ಬರೆದಿದ್ರು, ನಾವು ನೀವು ಬರೆದ್ರೂ ಹಾಗೇ ಬರೀತೀವಿ: ಕಾಲಡಿ ಕ್ಯಾನ್ ಇದ್ರೆ ಎತ್ತು, ಇಲ್ಲಾಂದ್ರೆ ಪಕ್ಕದಲ್ಲಿದ್ರೆ ಅಲ್ಲಿಗೆ ಹೋಗು, ಎಲ್ಲೂ ಇಲ್ಲಾಂದ್ರೆ ಎಲ್ಲಿಗಾದ್ರೂ ಹೋಗು. ಅದಕ್ಕೆ ಸರಾಸರಿ 346 ಬಂತು, ಪೂರ್ತಿ ಎತ್ತಿದ್ರೆ ಸುಮಾರು 500 ಬರಬೇಕು. ವಿಕಾಸವಾಗಿ ಬಂದ ತಂತ್ರಕ್ಕೆ 483. ಎಲ್ಲಿಂದ ಬಂತು ಇಷ್ಟು ವ್ಯತ್ಯಾಸ? ಒಂದು ಸನ್ನಿವೇಶ ನೋಡಿ. ಸಾಲಾಗಿ ಮೂರು ಕ್ಯಾನ್, ರಾಬಿ ನಡುವಿನದರ ಮೇಲೆ ನಿಂತಿದೆ. ಕೈಬರಹದ ರಾಬಿ ಕಾಲಡಿಯದನ್ನ ತಕ್ಷಣ ಎತ್ತತ್ತೆ, ಪಶ್ಚಿಮಕ್ಕೆ ಹೋಗಿ ಇನ್ನೊಂದು ಎತ್ತತ್ತೆ, ಅಷ್ಟೊತ್ತಿಗೆ ಪೂರ್ವದ ಕ್ಯಾನ್ ಕಣ್ಣಿಗೆ ಕಾಣಲ್ಲ, ನೆನಪೂ ಇಲ್ಲ, ಅದು ಅಲ್ಲೇ ಉಳೀತು. ವಿಕಾಸವಾದ ರಾಬಿ ಕಾಲಡಿಯದನ್ನ ಎತ್ತೋದೇ ಇಲ್ಲ! ಹಾಗೇ ಬಿಟ್ಟು ಪಶ್ಚಿಮಕ್ಕೆ ಹೋಗತ್ತೆ, ಅಲ್ಲಿಯದನ್ನ ಎತ್ತತ್ತೆ, ಈಗ ಪಕ್ಕದಲ್ಲಿ ಬಿಟ್ಟು ಬಂದ ನಡುವಿನ ಕ್ಯಾನ್ ಕಾಣ್ತಾ ಇದೆ, ಅದನ್ನ ನೋಡ್ಕೊಂಡು ವಾಪಸ್ ಬರತ್ತೆ, ಅದನ್ನ ಎತ್ತತ್ತೆ, ಪೂರ್ವದ್ದು ಕಾಣತ್ತೆ, ಅದನ್ನೂ ಎತ್ತತ್ತೆ. ಮೂರೂ ಸಿಕ್ತು. ನೆನಪಿಲ್ಲದ ಯಂತ್ರ ಕ್ಯಾನನ್ನೇ ಗುರುತಿನ ಕಲ್ಲು ಮಾಡ್ಕೊಂಡ್ತು. ಇದನ್ನ ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ, 243 ಅಕ್ಷರ ಕತ್ತರಿಸಿ ಅಂಟಿಸಿ ಬಂದಿದ್ದು.

ನನಗೆ ಈ ಇಡೀ ಕ್ಷೇತ್ರದಲ್ಲಿ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ದೊಡ್ಡ ವಿಷಯ ಹೇಳೋ ಉದಾಹರಣೆ ಇನ್ನೊಂದು ಸಿಕ್ಕಿಲ್ಲ. ಇರುವೆ ನೆಲದಲ್ಲಿ ನೆನಪಿಟ್ಟ ಹಾಗೇ ರಾಬಿ ಕ್ಯಾನ್‌ನಲ್ಲಿ ನೆನಪಿಡ್ತು. ಎಂಐಟಿಯ ರಾಡ್ನಿ ಬ್ರೂಕ್ಸ್ 90ರ ಆಸುಪಾಸಲ್ಲಿ ವಾದ ಮಾಡ್ತಿದ್ದಿದ್ದು ಇದನ್ನೇ, ರೋಬೋ ತಲೆಯೊಳಗೆ ಪ್ರಪಂಚದ ನಕ್ಷೆ ಕಟ್ಟೋಕೆ ಹೋಗ್ಬೇಡಿ, ಪ್ರಪಂಚ ಎದುರಿಗೇ ಇದೆಯಲ್ಲ, ಬೇಕಾದಾಗ ನೋಡ್ಕೊಳ್ಲಿ ಅಂತ. ಅವರು ಸಹಸ್ಥಾಪಕರಾಗಿದ್ದ ಐರೋಬಾಟ್ ಕಂಪನಿಯಿಂದಲೇ 2002ರಲ್ಲಿ ರೂಂಬಾ ಕಸ ಗುಡಿಸೋ ರೋಬೋ ಬಂದಿದ್ದು, ಮೊದಲಿನ ರೂಂಬಾಗಳಿಗೆ ಮನೆಯ ನಕ್ಷೆ ಇರಲೇ ಇಲ್ಲ. ತತ್ತ್ವಶಾಸ್ತ್ರದ ಕಡೆಯಿಂದ ಆಂಡಿ ಕ್ಲಾರ್ಕ್ ಮತ್ತು ಡೇವಿಡ್ ಚಾಮರ್ಸ್ 1998ರಲ್ಲಿ ಇನ್ನೂ ಮುಂದೆ ಹೋಗಿ, ಮರೆವಿನ ಕಾಯಿಲೆ ಇರೋ ಮನುಷ್ಯನ ನೋಟ್‌ಬುಕ್ಕೂ ಅವನ ಮನಸ್ಸಿನ ಭಾಗವೇ ಅಂದ್ರು. ಅದನ್ನ ಓದಿ ಒಪ್ಪೋದು ಬಿಡೋದು ಬೇರೆ ವಿಷಯ, ರಾಬಿ ಆ ಕ್ಯಾನ್ ಬಿಟ್ಟು ಹೋಗೋದನ್ನ ಕಣ್ಣಾರೆ ನೋಡಿದ ಮೇಲೆ ಆ ವಾದ ಏನು ಅಂತ ಅರ್ಥ ಮಾಡ್ಕೊಳ್ಳೋಕೆ ಕಷ್ಟ ಆಗಲ್ಲ.

ಒಂದು ಎಚ್ಚರಿಕೆ, ನೀವು ಓಡಿಸಿದಾಗ ಪ್ರತಿ ಸಲ ಇದೇ ಉಪಾಯ ಹುಟ್ಟತ್ತೆ ಅಂತ ಗ್ಯಾರಂಟಿ ಇಲ್ಲ, ಪ್ರತಿ ಓಟ ಬೇರೆ. ಒಂದೇ ಫಲಿತಾಂಶ ಮತ್ತೆ ಬರಬೇಕು ಅಂದ್ರೆ ರ್ಯಾಂಡಮ್ ಸೀಡ್ (ಯಾದೃಚ್ಛಿಕ ಆಯ್ಕೆಗಳು ಶುರುವಾಗೋ ಸಂಖ್ಯೆ) ಫಿಕ್ಸ್ ಮಾಡಿ ಇಟ್ಕೊಳ್ಳಿ. ಮ್ಯುಟೇಷನ್ ಸ್ಲೈಡರ್ (ಅಕ್ಷರ ಬದಲಾಗೋ ಪ್ರಮಾಣ) ಜಾಸ್ತಿ ಮಾಡಿ ನೋಡಿ, ಕಮ್ಮಿ ಮಾಡಿ ನೋಡಿ, ಜಾಸ್ತಿ ಆದ್ರೆ ಒಳ್ಳೇದು ಉಳಿಯಲ್ಲ, ತೀರಾ ಕಮ್ಮಿ ಆದ್ರೆ ಎಲ್ಲ ಒಂದೇ ಥರ ಆಗಿ ಅಲ್ಲೇ ನಿಂತು ಬಿಡತ್ತೆ.

ಮಕ್ಕಳಿಗಾದ್ರೆ ಬಗ್ ಹಂಟ್ ಕ್ಯಾಮೊಫ್ಲಾಜ್ ತೆಗೆದು ಕೊಡಿ. ಹಿನ್ನೆಲೇಲಿ ಕಡಲತೀರದ್ದೋ ಹಿಮದ್ದೋ ಹೂವಿನ ತೋಟದ್ದೋ ಫೋಟೋ, ಮೇಲೆ ಬಣ್ಣ ಬಣ್ಣದ ಹುಳ, ಮೌಸ್‌ನಲ್ಲಿ ಕ್ಲಿಕ್ ಮಾಡಿ ತಿನ್ನಬೇಕು. ಕಣ್ಣಿಗೆ ಬಿದ್ದಿದ್ದನ್ನ ಮೊದಲು ತಿಂತೀವಿ ಅಲ್ವಾ, ಉಳಿದಿದ್ದು ಮರಿ ಹಾಕ್ತವೆ, ಸ್ವಲ್ಪ ಹೊತ್ತಾದ ಮೇಲೆ ಹುಡುಕೋಕೇ ಆಗದಷ್ಟು ಹಿನ್ನೆಲೆಗೆ ಹೊಂದ್ಕೊಂಡಿರ್ತವೆ. ನಮ್ಮ ಕಣ್ಣು ಕೈಯೇ ಇಲ್ಲಿ ನ್ಯಾಚುರಲ್ ಸೆಲೆಕ್ಷನ್. ಹೈಸ್ಕೂಲ್ ಮೇಷ್ಟ್ರುಗಳು ಇದನ್ನ ತೋರಿಸಿದ್ರೆ ಆ ಪಾಠ ಮಕ್ಕಳು ಮರೆಯಲ್ಲ.

ನೆಟ್‌ವರ್ಕ್ ವಿಭಾಗಕ್ಕೆ ಬಂದ್ರೆ ಸ್ಮಾಲ್ ವರ್ಲ್ಡ್ಸ್ ಮಾಡೆಲ್ ಬೆಸ್ಟ್. 40 ಜನರನ್ನ ವೃತ್ತಾಕಾರದಲ್ಲಿ ಕೂರಿಸಿ, ಪ್ರತಿಯೊಬ್ಬರಿಗೂ ಎಡಕ್ಕೆ ಇಬ್ಬರು ಬಲಕ್ಕೆ ಇಬ್ಬರು ಪರಿಚಯ. ಈಗ ಒಬ್ಬರಿಂದ ಇನ್ನೊಬ್ಬರಿಗೆ ಸುದ್ದಿ ಮುಟ್ಟೋಕೆ ಸರಾಸರಿ 5.38 ಕೈ ದಾಟ್ಬೇಕು, ಕ್ಲಸ್ಟರಿಂಗ್ 0.5, ಅಂದ್ರೆ ನಿಮ್ಮ ಪರಿಚಯದವರಲ್ಲಿ ಇಬ್ಬರನ್ನ ಆರಿಸಿದ್ರೆ ಅವರಿಗೂ ಪರಸ್ಪರ ಪರಿಚಯ ಇರೋ ಸಂಭವ ಅರ್ಧ. ಈಗ 'ರೀವೈರ್ ಒನ್' ಒತ್ತಿ, ಒಂದೇ ಒಂದು ಕೊಂಡಿ ಕಳಚಿ ದೂರದ ಯಾರಿಗೋ ಸಿಕ್ಕಿಸತ್ತೆ. ಮತ್ತೆ ಒತ್ತಿ. ಮತ್ತೆ. ಗ್ರಾಫ್‌ನಲ್ಲಿ ಸರಾಸರಿ ದೂರ ತೋರಿಸೋ ಗೆರೆ ಧಡ್ ಅಂತ ಇಳಿಯತ್ತೆ, ಕ್ಲಸ್ಟರಿಂಗ್ ಗೆರೆ ಮಾತ್ರ ಅಷ್ಟಾಗಿ ಅಲ್ಲಾಡಲ್ಲ. ಊರು ಊರಾಗೇ ಉಳ್ಕೊಂಡು ಪ್ರಪಂಚ ಚಿಕ್ಕದಾಗೋದು ಅಂದ್ರೆ ಇದೇ. 1998ರಲ್ಲಿ ಕಾರ್ನೆಲ್ ಯೂನಿವರ್ಸಿಟಿಯ ಡಂಕನ್ ವಾಟ್ಸ್ ಮತ್ತು ಸ್ಟೀವನ್ ಸ್ಟ್ರೊಗಾಟ್ಜ್ ನೇಚರ್ ಪತ್ರಿಕೇಲಿ ಇದನ್ನ ತೋರಿಸಿದ್ರು, ಸಿನಿಮಾ ನಟರ ಜಾಲ, ಅಮೆರಿಕದ ಪಶ್ಚಿಮ ಭಾಗದ ಕರೆಂಟ್ ಗ್ರಿಡ್, ಸಿ ಎಲೆಗನ್ಸ್ ಅನ್ನೋ ಪುಟ್ಟ ಹುಳದ ನರಮಂಡಲ, ಮೂರರಲ್ಲೂ ಇದೇ ಗುಣ ಸಿಕ್ತು. ಒಂದು ಹುಳದ ನರ, ಒಂದು ದೇಶದ ಕರೆಂಟ್ ತಂತಿ, ಎರಡಕ್ಕೂ ಒಂದೇ ಮಾತು ಅನ್ವಯ ಆಗತ್ತೆ ಅನ್ನೋದು ಈಗಲೂ ನನಗೆ ರೋಮಾಂಚನದ ವಿಷಯ.

ಪ್ರಿಫರೆನ್ಷಿಯಲ್ ಅಟ್ಯಾಚ್‌ಮೆಂಟ್ ಮಾಡೆಲ್ ಕೂಡ ನೋಡೋಕೆ ಚಂದ. ಎರಡು ಬಿಂದುವಿನಿಂದ ಶುರು, ಹೊಸದಾಗಿ ಬಂದವರು ಜಾಸ್ತಿ ಕೊಂಡಿ ಇರೋರಿಗೇ ಹೆಚ್ಚಾಗಿ ಅಂಟ್ಕೊಳ್ತಾರೆ, ಇದ್ದೋರಿಗೇ ಇನ್ನಷ್ಟು. ಕೊನೆಗೆ ನಾಲ್ಕೈದು ದೊಡ್ಡ ಹಬ್ (ತುಂಬಾ ಕೊಂಡಿ ಇರೋ ಬಿಂದು), ಉಳಿದವರೆಲ್ಲ ಒಂದೋ ಎರಡೋ ಕೊಂಡಿ. 1999ರಲ್ಲಿ ಬರಬಾಸಿ ಮತ್ತು ರೇಕಾ ಆಲ್ಬರ್ಟ್ ಇದನ್ನ ಪ್ರಕಟಿಸಿದ ಮೇಲೆ ಎಲ್ಲಿ ನೋಡಿದ್ರೂ ಸ್ಕೇಲ್ ಫ್ರೀ ನೆಟ್‌ವರ್ಕ್, ಅಂದ್ರೆ ಈ ಥರದ ಜಾಲ, ಕಾಣೋಕೆ ಶುರುವಾಯ್ತು. ಇಲ್ಲಿ ಒಂದು ಮಾತು ಹೇಳಲೇಬೇಕು. 2019ರಲ್ಲಿ ಬ್ರೊಯ್ಡೊ ಮತ್ತು ಕ್ಲೌಸೆಟ್ ಸುಮಾರು ಸಾವಿರ ನಿಜವಾದ ನೆಟ್‌ವರ್ಕ್ ಹಿಡಿದು ಬಿಗಿಯಾದ ಅಂಕಿಅಂಶದ ಪರೀಕ್ಷೆ ಮಾಡಿದಾಗ ಅದರಲ್ಲಿ ಶೇಕಡಾ 4ರಷ್ಟಕ್ಕೆ ಮಾತ್ರ ಬಲವಾದ ಪುರಾವೆ ಸಿಕ್ತು. ಸ್ಕ್ರೀನ್ ಮೇಲೆ ಹಬ್‌ಗಳು ಅಷ್ಟು ಚೆಂದ ಬೆಳೆಯೋದು ನೋಡಿದ್ರೆ ಪ್ರಪಂಚ ಹೀಗೇ ಇದೆ ಅಂತ ನಂಬೋಕೆ ಸುಲಭ, ಮಾಡೆಲ್ ಹೇಳೋದು ಹೀಗೂ ಆಗಬಹುದು ಅಂತ ಮಾತ್ರ, ಹೀಗೇ ಆಗಿದೆ ಅಂತಲ್ಲ. ಪಾಠ ಮಾಡೋರು ಇದನ್ನ ಒತ್ತಿ ಹೇಳಿ.

ಕೊರತೆಗಳು. ಸೈಜ್ ದೊಡ್ಡದಾದ್ರೆ ನಿಧಾನ, ಕೆಲವು ಸಾವಿರ ಟರ್ಟಲ್ ತನಕ ಆರಾಮ, ಲಕ್ಷಗಟ್ಟಲೆ ನೋಡ್ ಇರೋ ನೆಟ್‌ವರ್ಕ್ ಡೇಟಾ ಇದ್ರೆ ಇದು ಬೇಡ, ಪೈಥಾನ್‌ನ ನೆಟ್‌ವರ್ಕ್‌ಎಕ್ಸ್ ಅಥವಾ ಐಗ್ರಾಫ್ ನೋಡಿ. ಗಂಭೀರವಾಗಿ ಆಪ್ಟಿಮೈಸೇಷನ್ ಮಾಡ್ಬೇಕು, ಒಂದೇ ಸಲ ಎರಡು ಮೂರು ಗುರಿ ಸಾಧಿಸ್ಬೇಕು ಅನ್ನೋರಿಗೆ ಪೈಥಾನ್‌ನದ್ದೇ ಡೀಪ್ ಅಥವಾ ಪೈಮೂ ಲೈಬ್ರರಿ ಸರಿ, ಇಂಥ ಕೆಲಸಕ್ಕೆ ಅಂತಲೇ ಇರೋ ಎನ್‌ಎಸ್‌ಜಿಎ-2 ಅನ್ನೋ ಅಲ್ಗಾರಿದಮ್ ಅದರಲ್ಲೇ ಸಿಗತ್ತೆ, ಅದು ಐಐಟಿ ಕಾನ್ಪುರದಲ್ಲಿ ಕಲ್ಯಾಣ್ಮಯ್ ದೇಬ್ ಮತ್ತು ಅವರ ವಿದ್ಯಾರ್ಥಿಗಳು ಮಾಡಿ 2002ರಲ್ಲಿ ಪ್ರಕಟಿಸಿದ್ದು, ಪ್ರಪಂಚದ ಎಲ್ಲ ಕಡೆ ಬಳಸ್ತಾರೆ. ವೆಬ್ ವರ್ಷನ್‌ನಲ್ಲಿ ಎಲ್ಲ ಎಕ್ಸ್‌ಟೆನ್ಷನ್ ಓಡಲ್ಲ, ಮೊಬೈಲ್‌ನಲ್ಲಿ ತೆಗೆದ್ರೆ ಸ್ಲೈಡರ್ ಬೆರಳಿಗೆ ಸಿಗೋದು ಕಷ್ಟ, ಲ್ಯಾಪ್‌ಟಾಪ್ ಇದ್ರೇನೇ ಚೆನ್ನ. ಮೆನು, ಇನ್ಫೋ ಯಾವುದೂ ಕನ್ನಡದಲ್ಲಿಲ್ಲ, ಇಂಗ್ಲಿಷ್ ಓದೋಕೆ ತಡವರಿಸೋ ಮಕ್ಕಳಿಗೆ ಪಕ್ಕದಲ್ಲಿ ಯಾರಾದ್ರೂ ಕೂತು ಹೇಳ್ಬೇಕು.

ಆದ್ರೆ ನನ್ನ ದೊಡ್ಡ ತಕರಾರು ಬೇರೆ. ಎಂಬಾಡೀಡ್ ಕಾಗ್ನಿಷನ್ ಅಂತ ನೋಡಿದ್ರೆ ನೆಟ್‌ಲೋಗೋ ಅರ್ಧ ದಾರಿಗೆ ಮಾತ್ರ ಕರ್ಕೊಂಡು ಹೋಗತ್ತೆ. ಸುತ್ತಲಿನ ಜಾಗ ಇದೆ, ಮೈ ಇಲ್ಲ. ಟರ್ಟಲ್‌ಗೆ ತೂಕ ಇಲ್ಲ, ಕಾಲು ಜಾರಲ್ಲ, ಬೀಳಲ್ಲ, ಚಕ್ರ ಸವೆಯಲ್ಲ. ಮೈ ಎಷ್ಟು ಕೆಲಸ ಮಾಡತ್ತೆ ಅಂತ ಗೊತ್ತಾಗ್ಬೇಕು ಅಂದ್ರೆ ಕೆನಡಾದ ಟ್ಯಾಡ್ ಮೆಕ್‌ಗೀರ್ 1990ರಲ್ಲಿ ವಿವರಿಸಿದ ಪ್ಯಾಸಿವ್ ಡೈನಮಿಕ್ ವಾಕರ್ ನೋಡ್ಬೇಕು, ಮೋಟರ್ ಇಲ್ಲ ಬ್ಯಾಟರಿ ಇಲ್ಲ ಕಂಪ್ಯೂಟರ್ ಇಲ್ಲ, ಬರೀ ಕಾಲು ಮತ್ತು ಕೀಲು, ಸಣ್ಣ ಇಳಿಜಾರಲ್ಲಿ ಬಿಟ್ರೆ ತಾನಾಗಿ ನಡ್ಕೊಂಡು ಹೋಗತ್ತೆ. ನಡಿಗೆಯ ಲೆಕ್ಕ ಕಾಲಿನ ಉದ್ದ, ತೂಕದ ಹಂಚಿಕೆ ಇದರಲ್ಲೇ ಇದೆ.

ಇನ್ನೊಂದು, 1996ರಲ್ಲಿ ಸಸೆಕ್ಸ್ ಯೂನಿವರ್ಸಿಟಿಯ ಏಡ್ರಿಯನ್ ಥಾಂಪ್ಸನ್ ಮಾಡಿದ್ದು. ಎಫ್‌ಪಿಜಿಎ ಅನ್ನೋ, ಒಳಗಿನ ಸರ್ಕ್ಯೂಟ್ ಜೋಡಣೆಯನ್ನ ನಾವೇ ಬದಲಾಯಿಸಬಹುದಾದ ಚಿಪ್‌ನ 10 ಬೈ 10 ಸೆಲ್ ಮೂಲೆಯೊಂದರಲ್ಲಿ ಜೆನೆಟಿಕ್ ಅಲ್ಗಾರಿದಮ್‌ನಿಂದ ಸರ್ಕ್ಯೂಟ್ ಬೆಳೆಸಿದ, ಕೆಲಸ ಏನಂದ್ರೆ 1 ಕಿಲೋಹರ್ಟ್ಜ್ ಮತ್ತು 10 ಕಿಲೋಹರ್ಟ್ಜ್ ಶಬ್ದ ಗುರುತಿಸಿ ಬೇರೆ ಮಾಡೋದು, ಗಡಿಯಾರದ ಸಿಗ್ನಲ್ ಕೂಡ ಕೊಟ್ಟಿರಲಿಲ್ಲ. ಸಾವಿರಾರು ತಲೆಮಾರಾದ ಮೇಲೆ ಸರ್ಕ್ಯೂಟ್ ಕೆಲಸ ಮಾಡ್ತು. ಬಿಚ್ಚಿ ನೋಡಿದ್ರೆ ಕೆಲವು ಸೆಲ್‌ಗಳಿಗೆ ಔಟ್‌ಪುಟ್ ಜೊತೆ ತಂತಿಯ ಸಂಬಂಧವೇ ಇಲ್ಲ, ಆದ್ರೆ ಅವನ್ನ ತೆಗೆದ್ರೆ ಕೆಲಸ ಕೆಡತ್ತೆ. ಚಿಪ್‌ನ ಬೇರೆ ಜಾಗಕ್ಕೆ ಅದೇ ಸರ್ಕ್ಯೂಟ್ ಹಾಕಿದ್ರೂ ಮೊದಲಿನಷ್ಟು ಸರಿಯಾಗಿ ನಡೆಯಲ್ಲ. ಅಂದ್ರೆ ಆ ಸಿಲಿಕಾನ್ ತುಂಡಿನ ಭೌತಿಕ ಗುಣವನ್ನೇ ವಿಕಾಸ ಬಳಸ್ಕೊಂಡಿತ್ತು, ಎಂಜಿನಿಯರ್ ಯಾರೂ ಅದನ್ನ ಲೆಕ್ಕಕ್ಕೆ ತಗೊಂಡಿರಲಿಲ್ಲ. ಇಂಥದ್ದು ನೆಟ್‌ಲೋಗೋದಲ್ಲಿ ಹುಟ್ಟೋಕೆ ಸಾಧ್ಯವೇ ಇಲ್ಲ, ಯಾಕಂದ್ರೆ ನಾವು ಬರೆದ ನಿಯಮ ಬಿಟ್ರೆ ಅಲ್ಲಿ ಬೇರೆ ಏನೂ ಇಲ್ಲ, ಕದ್ದು ಬಳಸ್ಕೊಳ್ಳೋಕೆ ಅಡಗಿರೋ ಪ್ರಪಂಚವೇ ಇಲ್ಲ. ಮೈ ಬೇಕು ಅನ್ನೋರು ಮುಜೋಕೋ ಇಲ್ಲ ವೆಬಾಟ್ಸ್ ಥರದ ಸಿಮ್ಯುಲೇಟರ್‌ಗೆ ಹೋಗ್ಬೇಕು, ಎರಡೂ ಈಗ ಪುಕ್ಕಟೆ, ಆದ್ರೆ ಕಲಿಯೋಕೆ ಇದಕ್ಕಿಂತ ಹತ್ತು ಪಟ್ಟು ಕಷ್ಟ. ಇಲ್ಲಾಂದ್ರೆ ಎರಡು ಮೋಟರ್ ಎರಡು ಬೆಳಕಿನ ಸೆನ್ಸರ್ ತಂದು ಎಡ ಸೆನ್ಸರ್ ಬಲ ಮೋಟರ್‌ಗೆ, ಬಲದ್ದು ಎಡಕ್ಕೆ ಜೋಡಿಸಿ ಮೇಜಿನ ಮೇಲೆ ಬಿಡಿ, ಟಾರ್ಚ್ ಹಿಡಿದ ಕಡೆ ನುಗ್ಗಿ ಬರತ್ತೆ. ಅದರ ಜೊತೆಗೆ ಅದೇ ನಿಯಮ ನೆಟ್‌ಲೋಗೋದಲ್ಲೂ ಬರೆದು ಎರಡನ್ನ ಪಕ್ಕ ಪಕ್ಕ ಓಡಿಸಿ ನೋಡಿದ್ರೆ ಮೈ ಎಲ್ಲಿ ಏನು ಸೇರಿಸ್ತು ಅಂತ ಚೆನ್ನಾಗಿ ಗೊತ್ತಾಗತ್ತೆ.

ರಿಸರ್ಚ್‌ಗೆ ಆಗತ್ತಾ ಅಂತ ಕೇಳೋರಿಗೆ, ಆಗತ್ತೆ. ಬಿಹೇವಿಯರ್‌ಸ್ಪೇಸ್ ಅಂತ ಟೂಲ್ ಇದೆ, ಯಾವ ಸ್ಲೈಡರ್ ಎಷ್ಟರಿಂದ ಎಷ್ಟಕ್ಕೆ, ಪ್ರತಿಯೊಂದಕ್ಕೆ ಎಷ್ಟು ಸಲ ಅಂತ ಹೇಳಿ ಬಿಟ್ರೆ ರಾತ್ರಿಯಿಡೀ ತಾನೇ ಓಡಿಸಿ ಫಲಿತಾಂಶ ಸ್ಪ್ರೆಡ್‌ಶೀಟ್‌ಗೆ ಹಾಕಿ ಕೊಡತ್ತೆ. ನೆಟ್‌ವರ್ಕ್ ಎಕ್ಸ್‌ಟೆನ್ಷನ್ ಹಾಕ್ಕೊಂಡ್ರೆ ಬಿಟ್ವೀನ್‌ನೆಸ್ (ಎಷ್ಟು ದಾರಿ ಒಬ್ಬರ ಮೂಲಕ ಹೋಗತ್ತೆ ಅನ್ನೋ ಅಳತೆ), ಕ್ಲಸ್ಟರಿಂಗ್ ಎಲ್ಲ ಒಂದು ಸಾಲಲ್ಲಿ ಬರತ್ತೆ, ಪೈಥಾನ್ ಎಕ್ಸ್‌ಟೆನ್ಷನ್ ಕೂಡ ಇದೆ. ಏಜೆಂಟ್ ಆಧಾರಿತ ಮಾಡೆಲ್ ಇರೋ ಎಷ್ಟೋ ಪೇಪರ್‌ಗಳು ನೆಟ್‌ಲೋಗೋದಲ್ಲೇ ಮಾಡಿದ್ದು, ಗೈಡ್ ಯಾರಾದ್ರೂ ಇದು ಮಕ್ಕಳ ಆಟ ಅಂದ್ರೆ ಆ ಪೇಪರ್ ತೋರಿಸಿ.

ಶುರು ಮಾಡೋರು ಮೊದಲು ಆಂಟ್ಸ್ ತೆಗೀರಿ, ಆಮೇಲೆ ಸ್ಮಾಲ್ ವರ್ಲ್ಡ್ಸ್, ಕೋಡ್ ಟ್ಯಾಬ್ ಮಾತ್ರ ತಪ್ಪಿಸ್ಬೇಡಿ, ಒಂದು ನಂಬರ್ ಬದಲಾಯಿಸಿ ಏನಾಗತ್ತೆ ನೋಡಿ. ಡಾಕ್ಯುಮೆಂಟೇಷನ್‌ನಲ್ಲಿ ಮೂರು ಟ್ಯುಟೋರಿಯಲ್ ಇದೆ, ಮೂರನೇದು ಕೋಡ್ ಬರೆಯೋದು, ಒಂದು ಭಾನುವಾರ ಸಾಕು. ಸಾಂತಾ ಫೆ ಇನ್‌ಸ್ಟಿಟ್ಯೂಟ್‌ನ ಕಾಂಪ್ಲೆಕ್ಸಿಟಿ ಎಕ್ಸ್‌ಪ್ಲೋರರ್ ವೆಬ್‌ಸೈಟ್‌ನಲ್ಲಿ ಮಿಚೆಲ್ ಅವರದ್ದೇ ಪುಕ್ಕಟೆ ಕೋರ್ಸ್ ಇದೆ, ಅದರಲ್ಲೂ ನೆಟ್‌ಲೋಗೋನೇ ಬಳಸ್ತಾರೆ, ಎರಡನ್ನೂ ಒಟ್ಟಿಗೆ ಮಾಡಿದ್ರೆ ಬೇಗ ಹತ್ತತ್ತೆ. ರಾಬಿಯನ್ನ ಮಾತ್ರ ಗಡಿಬಿಡೀಲಿ ನೋಡ್ಬೇಡಿ, ಕೆಲವು ನೂರು ತಲೆಮಾರು ಓಡೋಕೆ ಬಿಟ್ಟು, ಆಮೇಲೆ ಬೆಸ್ಟ್ ರಾಬಿಯನ್ನ ಒಂದೊಂದೇ ಹೆಜ್ಜೆ ನಡೆಸಿ, ಪ್ರತಿ ಹೆಜ್ಜೆಗೂ ಮುಂಚೆ ಈಗ ಇದು ಏನ್ ಮಾಡತ್ತೆ ಅಂತ ನೀವೇ ಊಹೆ ಮಾಡಿ ಆಮೇಲೆ ಬಟನ್ ಒತ್ತಿ.